ಗಿಟಾರಿನ ಬ್ಲೂಸ್, ನಾಟಕದ ಶ್ರುತಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಗಿಟಾರ್ ಹಿಡಿದವರು ಬ್ಲೂಸ್ ಕಲಿಯುವುದಾದರೆ ಮೊದಲು ಗಮನಿಸಬೇಕಾದದ್ದು ಊರ ನಾಟಕದ ಹಾರ್ಮೋನಿಯಂ ಮೇಷ್ಟ್ರನ್ನು ಎಂಬುದು ನನ್ನ ವಾದ. ಕುರುಕ್ಷೇತ್ರ ನಾಟಕದಲ್ಲಿ ಕೃಷ್ಣನ ಪಾತ್ರಧಾರಿಯ ಗಂಟಲು ಕಪ್ಪು ಎರಡಕ್ಕೆ ಏರದಿದ್ದರೆ ಮೇಷ್ಟ್ರು ಕಪ್ಪು ಒಂದಕ್ಕೆ ಇಳಿಸುತ್ತಾರೆ. ಮಟ್ಟು ಅದೇ, ಆದರೆ ಬೆರಳು ಬೀಳುವ ಜಾಗವೆಲ್ಲ ಬೇರೆ. ಬಿಳಿ, ಕಪ್ಪು ಮನೆಗಳ ಜೋಡಣೆ ಎಲ್ಲ ಶ್ರುತಿಗೂ ಒಂದೇ ಥರ ಇಲ್ಲವಲ್ಲ! ಸ್ಕೇಲ್ ಚೇಂಜರ್ ಪೆಟ್ಟಿಗೆ ಬಂದದ್ದೇ ಈ ತಾಪತ್ರಯಕ್ಕೆ. ಗಿಟಾರಿಗೆ ಆ ತಾಪತ್ರಯವಿಲ್ಲ. ಅದರ ಒಂದೊಂದು ಫ್ರೆಟ್ಟೂ ಅರ್ಧ ಸ್ವರದ ಅಂತರದಲ್ಲಿದೆ. ಕೈಯನ್ನು ಹಾಗೇ ಜರುಗಿಸಿದರೆ ಇಡೀ ಸಂಚಾರ ಹೊಸ ಶ್ರುತಿಗೆ ಬಂದುಬಿಡುತ್ತದೆ.

ಶುದ್ಧ ಧನ್ಯಾಸಿಯ ಐದು ಸ್ವರಗಳಿಗೆ ಪ್ರತಿಮಧ್ಯಮವನ್ನು ಸೇರಿಸಿದರೆ ಬ್ಲೂಸ್ ಸ್ಕೇಲಿನ ಸ್ವರಗಳು ಸಿಗುತ್ತವೆ. (ಸ್ವರ ಒಂದಾದ ಮಾತ್ರಕ್ಕೆ ನೆಂಟಸ್ತಿಕೆ ಹುಡುಕುವುದು ಬೇಡ, ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದ ಕಪ್ಪು ಜನರ ಹಾಡಿನಲ್ಲಿ.) ಲಿಕ್ ಎಂದರೆ ಈ ಸ್ವರಗಳ ಪುಟ್ಟ ಸಂಚಾರ. ಷಡ್ಜ ‘ಎ’ ಎಂದಿಟ್ಟುಕೊಳ್ಳಿ. ಮೂರನೆಯ ತಂತಿಯ 7ನೇ ಫ್ರೆಟ್ಟಿನಲ್ಲಿ ಶುದ್ಧ ಮಧ್ಯಮ. ಅಲ್ಲೇ ತಂತಿ ಎಳೆದು ಪಂಚಮ ಮುಟ್ಟಿಸಿ, ಎರಡನೆಯ ತಂತಿಯ 5ರಲ್ಲಿ ಅದೇ ಪಂಚಮ, ಮೊದಲ ತಂತಿಯ 5ರಲ್ಲಿ ಷಡ್ಜ. ಇದನ್ನೇ ಮೂರು ಫ್ರೆಟ್ ಮೇಲಕ್ಕೆ ಒಯ್ದು 10, 8, 8ರಲ್ಲಿ ನುಡಿಸಿದರೆ ಷಡ್ಜ ‘ಸಿ’ ಆಗುತ್ತದೆ. ಆದರೆ ತಂತಿಯಿಂದ ತಂತಿಗೆ ದಾಟಿಸುವಾಗ ಎಚ್ಚರ ಬೇಕು: ಬೇರೆ ತಂತಿಗಳ ನಡುವೆ ಐದು ಅರ್ಧ ಸ್ವರಗಳ ಅಂತರವಿದ್ದರೆ ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ಇರುವುದು ನಾಲ್ಕೇ.

ಹೀಗೆ ಆಕಾರ ನೋಡಿ ಕಲಿತರೆ ಬೆರಳು ಓಡುತ್ತದೆ, ಕಿವಿ ಮಲಗುತ್ತದೆ ಎಂದು ಸಂಗೀತ ಬಲ್ಲವರು ಆಕ್ಷೇಪಿಸುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಹನ್ನೆರಡು ಬಾರ್‌ಗಳ ಬ್ಲೂಸ್‌ನಲ್ಲಿ ಐದನೆಯ ಬಾರ್‌ಗೆ ಕಾರ್ಡ್ ‘ಎ’ಯಿಂದ ‘ಡಿ’ಗೆ ಹೋದದ್ದೇ ತಡ, ಹೊಸಬರು ಕೈಯನ್ನೂ 10ನೇ ಫ್ರೆಟ್ಟಿಗೆ ಎತ್ತಿಕೊಂಡು ಹೋಗುತ್ತಾರೆ. ಜರುಗಿಸಬಹುದು ಎಂದರೆ ಜರುಗಿಸಲೇಬೇಕು ಎಂದಲ್ಲ. 5ರಲ್ಲೇ ನಿಂತರೂ ‘ಎ’ಯ ಸಾಧಾರಣ ಗಾಂಧಾರವಾಗಿದ್ದ ‘ಸಿ’, ‘ಡಿ’ ಕಾರ್ಡಿನ ಮೇಲೆ ಅದರ ಕೈಶಿಕಿ ನಿಷಾದವಾಗಿ ಸಲೀಸಾಗಿ ಕೂರುತ್ತದೆ. ಕಾರ್ಡ್ ಬದಲಾಗುವುದು ಬೇರೆ, ಶ್ರುತಿ ಬದಲಾಗುವುದು ಬೇರೆ. ರಾತ್ರಿಯಿಡೀ ನಾಟಕ ಕೇಳಿ ಬೆಳೆದ ಕಿವಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಆಕಾರವನ್ನು ದೂರುವುದಕ್ಕಿಂತ ಅದಕ್ಕೆ ಬಾಯಿ ಕೊಡುವುದು ಮೇಲು. ಸರಳೆ ವರಸೆ ಕಲಿಯುವ ಮಕ್ಕಳು ಸ್ವರದ ಹೆಸರು ಹೇಳಿಯೇ ಹಾಡುವಂತೆ, ಗಿಟಾರ್ ಕಲಿಯುವವರೂ ಮ–ಪ–ಪ–ಸ ಎಂದು ಹಾಡುತ್ತಲೇ ನುಡಿಸಲಿ.

ನಮ್ಮ ಗಮಕ ಬಿಟ್ಟು ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಆದರೆ ಗಮಕಕ್ಕೆ ಪಳಗಿದ ಕಿವಿಗೆ ಇಲ್ಲೂ ಕೆಲಸವಿದೆ. ಬ್ಲೂಸ್‌ನ ಗಾಂಧಾರ ಸಾಧಾರಣವೂ ಅಲ್ಲದ, ಅಂತರವೂ ಅಲ್ಲದ ಎಡೆಯಲ್ಲಿ ತೂಗುತ್ತಿರುತ್ತದೆ. ತಂತಿಯನ್ನು ತುಸುವೇ ಎಳೆದು ಅದನ್ನು ಮುಟ್ಟಬೇಕು. ಹಾರ್ಮೋನಿಯಂನ ಯಾವ ಮನೆಯಲ್ಲೂ ಅದು ಸಿಗುವುದಿಲ್ಲ. ಎಷ್ಟು ಎಳೆಯಬೇಕೆಂದು ಪುಸ್ತಕದ ಚಿತ್ರವೂ ಹೇಳುವುದಿಲ್ಲ. ಶ್ರುತಿಪೆಟ್ಟಿಗೆಯನ್ನು ಆರು ಮನೆಗೆ, ಅಂದರೆ ‘ಎ’ಗೆ ಇಟ್ಟುಕೊಂಡು ಎಳೆದೆಳೆದು ಕೇಳಬೇಕು, ಆಮೇಲೆ ಒಂದು ಮನೆಗೆ ಇಳಿಸಿ ಮತ್ತೆ ಅದನ್ನೇ ಹುಡುಕಬೇಕು.