ಹಳೆಯ ಹೊಲಿಗೆಯ ಹಿಂದಿನ ಸಂದು

1950ರ ದಶಕದಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರಿದ್ದರು. ಅಕ್ಕಿ ಉಣ್ಣುವ ಸೀಮೆಯಲ್ಲಿ ಡ್ಯುಯೊಡಿನಲ್ ಅಲ್ಸರ್, ಅಂದರೆ ಸಣ್ಣಕರುಳಿನ ಮೊದಲ ಭಾಗವಾದ ಡ್ಯುಯೊಡಿನಂನ ಹುಣ್ಣು, ಯಾಕಿಷ್ಟು ಹೆಚ್ಚು ಎಂದು ಅವರು ಬಹುಕಾಲ ಹುಡುಕಿದರು. ಆಗ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಮಾತ್ರೆ ಇರಲಿಲ್ಲ. ಹೆಲಿಕೊಬ್ಯಾಕ್ಟರ್ ಸೂಕ್ಷ್ಮಾಣುವನ್ನು ಹುಣ್ಣಿನೊಂದಿಗೆ ತಳುಕು ಹಾಕಿದ್ದು 1980ರ ದಶಕದಲ್ಲಿ. ಹುಣ್ಣು ಮಾಯದಿದ್ದರೆ ಸಣ್ಣಕರುಳಿನ ಒಂದು ಸುರುಳಿಯನ್ನು ಮೇಲೆಳೆದು ಜಠರಕ್ಕೆ ಹೊಲಿಯುತ್ತಿದ್ದರು. ಹಾಗೆ ಹೊಲಿಸಿಕೊಂಡ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಈ ಮಾತು ಅವರಿಗಾಗಿ.

ಮೇಲೆಳೆದ ಕರುಳಿನ ಹಿಂದೆ ಒಂದು ಸಂದು ಉಳಿಯುತ್ತದೆ. ಉಳಿದ ಕರುಳು ಅಲ್ಲಿ ನುಸುಳಿ ಸಿಕ್ಕಿಕೊಳ್ಳಬಹುದೆಂದು ಜರ್ಮನಿಯ ವಾಲ್ಟರ್ ಪೀಟರ್ಸನ್ 1900ರಲ್ಲೇ ಬರೆದರು. ಇನ್ನೂ ಅಪರೂಪವಾಗಿ, ಕರುಳೇ ಹೊಲಿಗೆಯ ಬಾಯಿಯಿಂದ ಜಠರದೊಳಕ್ಕೆ ನುಗ್ಗಿ ರಕ್ತವಾಂತಿಯಾಗುತ್ತದೆ. ಆಪರೇಷನ್ ಆದ ವಾರದಲ್ಲೂ ಆಗಬಹುದು, ದಶಕಗಳ ಮೇಲೂ.

ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು. ಕೆಲವರಿಗೆ ಜಠರದ ಕೆಳಭಾಗವನ್ನೂ ತೆಗೆದು, ಡ್ಯುಯೊಡಿನಂನ ತುದಿಯನ್ನು ಮುಚ್ಚಿರುತ್ತಾರೆ. ಪಿತ್ತವೂ ಮೇದೋಜೀರಕ ರಸವೂ ಇಳಿಯುವುದು ಆ ತುಂಡಿಗೇ. ಹೊಲಿಗೆಯ ಬಳಿ ಅದು ತಿರುಚಿಕೊಂಡರೆ ಎರಡೂ ಕಡೆ ಬಾಗಿಲು ಹಾಕಿದಂತೆ. ರಸ ಊರುತ್ತಲೇ ಇರುತ್ತದೆ, ಹೋಗಲು ದಾರಿಯಿಲ್ಲ. ವಾಂತಿಯಲ್ಲಿ ಪಿತ್ತ ಬರುವುದಿಲ್ಲ. ಒಳಗೆ ಗಾಳಿಯಿಲ್ಲದ್ದರಿಂದ ಎಕ್ಸ್‌ರೇಯಲ್ಲಿ ಏನೂ ತೋರದಿರಬಹುದು. ರಕ್ತದಲ್ಲಿ ಅಮೈಲೇಸ್ ಎಂಬ ಕಿಣ್ವ ಏರಿ, ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕದ ಉರಿಯೂತ) ಎಂಬ ಹೆಸರು ಬೀಳುತ್ತದೆ. ಆ ಕಾಯಿಲೆಗಾದರೆ ಡ್ರಿಪ್ ಹಾಕಿ ಕಾಯಬಹುದು. ಇಲ್ಲಿ ಕಾದರೆ ಕರುಳು ಕೊಳೆತು ಒಡೆಯುತ್ತದೆ. ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಗುಟ್ಟು ಬಿಡಿಸುತ್ತದೆ. ಆದರೆ ಆ ಸ್ಕ್ಯಾನ್ ಮಾಡಿಸಬೇಕೆಂದು ವೈದ್ಯರಿಗೆ ಬೇಗ ಹೊಳೆಯಬೇಕಾದರೆ ಹಳೆಯ ಆಪರೇಷನ್ನಿನ ವಿಷಯ ಅವರ ಕಿವಿಗೆ ಬಿದ್ದಿರಬೇಕು.

ನಮ್ಮಲ್ಲಿ ಹೇಳುವುದೇ ಇಲ್ಲ. ನಲವತ್ತು ವರ್ಷದ ಹಿಂದಿನದು, ಈಗೇಕೆ ಎನ್ನುತ್ತೇವೆ. ಬರೀ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ರಾತ್ರಿ ನೂಕುತ್ತೇವೆ. ದಯವಿಟ್ಟು ಬೇಡ. ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿದ್ದವರಿಗೆ ನೋವು ಬಿಡದೆ ಕಾಡಿದರೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ; ಮೊದಲು ಗುರುತು ತೋರಿಸಿ, ಆಮೇಲೆ ನೋವು ಹೇಳಿ.

ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡ ಎಳೆಯರಲ್ಲೂ ಪೀಟರ್ಸನ್ ಹೇಳಿದ ಸಂದು ಇರುತ್ತದೆ. ಕೊಬ್ಬು ಕರಗಿದಂತೆ ಅದು ಅಗಲವಾಗುತ್ತದೆ. ಹಾಗಾಗಿ ಅನೇಕ ಶಸ್ತ್ರವೈದ್ಯರು ಈಗ ಮೊದಲ ಆಪರೇಷನ್ನಿನಲ್ಲೇ ಅದನ್ನು ಹೊಲಿದುಬಿಡುತ್ತಾರೆ. ನಿಮ್ಮ ಮನೆಯಲ್ಲಿ ಆ ಚಿಕಿತ್ಸೆಯ ಮಾತು ಬಂದರೆ, ಸಂದು ಮುಚ್ಚುತ್ತೀರಾ ಎಂದು ಕೇಳಿ.