ನೋಡುವ ರೈತನ ಮನಸ್ಸು ಮತ್ತು ಕೃಷಿ ವಿಡಿಯೊ

(ಭಾಷಣದ ಪಾಠ)



ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಅರಿಶಿನವು ಒಂದು ಮುಖ್ಯ ವಾಣಿಜ್ಯ ಬೆಳೆ. ಎಕರೆಗೆ ಸುಮಾರು 8ರಿಂದ 10 ಕ್ವಿಂಟಾಲ್ ಬಿತ್ತನೆ ಗಡ್ಡೆ ಬೇಕಾಗುವುದರಿಂದ ಬೆಳೆಗಾರನ ಹಣದ ದೊಡ್ಡ ಪಾಲು ನಾಟಿಯ ದಿನವೇ ಮಣ್ಣಿನೊಳಗೆ ಸೇರಿರುತ್ತದೆ. ಮಳೆಗಾಲದಲ್ಲಿ ನೀರು ನಿಂತ ತಾಕಿಗೆ ಗಡ್ಡೆ ಕೊಳೆ ರೋಗ ತಗುಲಿದರೆ ಎಲೆಗಳು ಅಂಚಿನಿಂದ ಹಳದಿಯಾಗುತ್ತವೆ, ಕಾಂಡದ ಬುಡ ಮೆತ್ತಗಾಗುತ್ತದೆ, ಎಳೆದರೆ ಗಿಡ ಕೈಗೇ ಬರುತ್ತದೆ. ಇಂತಹ ಗಿಡವೊಂದನ್ನು ಹಿಡಿದು ಬದುವಿನ ಮೇಲೆ ಕುಳಿತ ತೆರಕಣಾಂಬಿ ಕಡೆಯ ಬೆಳೆಗಾರನೊಬ್ಬನನ್ನು ಊಹಿಸಿಕೊಳ್ಳಿ. ಅವನು ಮೊದಲು ತೆಗೆಯುವುದು ಜೇಬಿನಲ್ಲಿರುವ ಮೊಬೈಲನ್ನು.

ಅದರಲ್ಲಿ ಅವನಿಗೆ ಎರಡು ವಿಡಿಯೊಗಳು ಸಿಗುತ್ತವೆ. ಒಂದನ್ನು ತಯಾರಿಸಿದವರು ವಿಷಯ ಬಲ್ಲವರು. ಆದರೆ ಅದು ಲಾಂಛನ, ವಾದ್ಯ ಸಂಗೀತ, ಅಧಿಕಾರಿಗಳ ಪರಿಚಯ, ಅರಿಶಿನದ ಸಸ್ಯಶಾಸ್ತ್ರೀಯ ಹೆಸರು ಇಷ್ಟನ್ನೂ ಮುಗಿಸಿಕೊಂಡು ರೋಗದ ಹತ್ತಿರ ಬರುವ ಹೊತ್ತಿಗೆ ಮೂರು ನಿಮಿಷ ಕಳೆದಿರುತ್ತದೆ. ಇನ್ನೊಂದು, ಬಾಟಲಿ ಮಾರುವವನದು. ಅದರ ಮೊದಲ ದೃಶ್ಯದಲ್ಲೇ ಕೊಳೆತ ಗಡ್ಡೆಯಿದೆ, ಮೂರು ದಿನದಲ್ಲಿ ಬೆಳೆ ಎದ್ದು ನಿಲ್ಲುತ್ತದೆ ಎಂಬ ಮಾತಿದೆ. ಬೆಳೆಗಾರ ಎರಡನೆಯದನ್ನು ಕೊನೆಯವರೆಗೂ ನೋಡುತ್ತಾನೆ. ಕೊಳೆತ ಗಡ್ಡೆ ಯಾವ ಔಷಧಿಯಿಂದಲೂ ಮತ್ತೆ ಗಟ್ಟಿಯಾಗದು ಎಂಬ ನಿಜವು ಅವನು ಮುಚ್ಚಿಬಿಟ್ಟ ಮೊದಲನೆಯದರಲ್ಲೇ ಉಳಿದುಹೋಗುತ್ತದೆ.

ಇದಕ್ಕೆ ರೈತನ ಅಜ್ಞಾನವನ್ನು ದೂರುವುದು ಸುಲಭ, ಆದರೆ ಸರಿಯಲ್ಲ. ಮನುಷ್ಯನ ಗಮನ ಯಾವುದರ ಕಡೆಗೆ ತಿರುಗುತ್ತದೆ ಎಂಬುದನ್ನು ಬಾಟಲಿ ಮಾರುವವನು ತಿಳಿದಿದ್ದಾನೆ, ವಿಜ್ಞಾನ ಹೇಳುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೆ.

ಆರಂಭ ಹೇಗಿರಬೇಕು

ಸಿಗುವ ಲಾಭಕ್ಕಿಂತ ಕೈತಪ್ಪುವ ನಷ್ಟವೇ ಮನಸ್ಸಿಗೆ ಹೆಚ್ಚು ತಟ್ಟುತ್ತದೆಂದು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ತೋರಿಸಿಕೊಟ್ಟರು. ಆದ್ದರಿಂದ "ಅಧಿಕ ಇಳುವರಿಗೆ ಬೀಜೋಪಚಾರ" ಎಂದು ಆರಂಭಿಸುವುದಕ್ಕಿಂತ ಕೊಳೆತ ಗಡ್ಡೆಯನ್ನು ಅಂಗೈಯಲ್ಲಿ ಹಿಚುಕಿ ತೋರಿಸಿ ಆರಂಭಿಸುವುದು ಮೇಲು. ಆದರೆ ಒಂದು ಎಚ್ಚರಿಕೆ ಇದೆ. ಭಯವನ್ನು ಮಾತ್ರ ತೋರಿಸಿ ಕೈಗೆಟಕುವ ದಾರಿಯನ್ನು ತೋರಿಸದಿದ್ದರೆ ನೋಡುವವನು ಮುಖ ತಿರುಗಿಸುತ್ತಾನೆ. ನಷ್ಟದ ದೃಶ್ಯದ ಬೆನ್ನಿಗೇ ಪರಿಹಾರದ ಸುಳಿವು ಬರಬೇಕು.

ಎರಡನೆಯದು ಕುತೂಹಲ. ತನಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾದದ್ದಕ್ಕೂ ನಡುವೆ ಸಣ್ಣ ಅಂತರ ಕಂಡಾಗ ಮನಸ್ಸು ಅದನ್ನು ತುಂಬಿಕೊಳ್ಳಲು ಚಡಪಡಿಸುತ್ತದೆ ಎಂಬುದು ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಮಂಡಿಸಿದ ವಿಚಾರ. ಅಕ್ಕಪಕ್ಕದ ಎರಡು ಮಡಿಗಳನ್ನು ತೋರಿಸಿ: ಒಂದೇ ಮಣ್ಣು, ಒಂದೇ ನೀರು, ಒಂದೇ ದಿನದ ನಾಟಿ, ಒಂದು ಹಸಿರಾಗಿದೆ, ಇನ್ನೊಂದು ಹಳದಿಯಾಗಿದೆ. ಕಾರಣವನ್ನು ತಕ್ಷಣ ಹೇಳಬೇಡಿ. ಗಡ್ಡೆ ಅಗೆಯುವವರೆಗೆ ನೋಡುವವನು ಕಾಯುತ್ತಾನೆ.

ಈ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಮಲೆ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರು ರಾತ್ರಿಯಿಡೀ ಜನರನ್ನು ಕೂರಿಸಿಕೊಂಡು ಬಂದವರು. ಕಥೆಯನ್ನು ಎಲ್ಲಿ ತಡೆಯಬೇಕು, ಹಿಮ್ಮೇಳ ಎಲ್ಲಿ ದನಿಗೂಡಿಸಬೇಕು, ತೂಕಡಿಸುವವನನ್ನು ಯಾವ ತಾಳದಿಂದ ಎಬ್ಬಿಸಬೇಕು ಎಂಬುದು ಅವರಿಗೆ ಕರಗತ. ವಿಡಿಯೊ ತಯಾರಿಸುವ ವಿಸ್ತರಣಾ ಕಾರ್ಯಕರ್ತರು ತರಬೇತಿಗೆಂದು ದೂರ ಹೋಗುವ ಮೊದಲು ಒಂದು ರಾತ್ರಿ ಇವರ ಮುಂದೆ ಕುಳಿತರೆ ನಷ್ಟವೇನಿಲ್ಲ.

ತನ್ನಂತಿರುವವನ ಮಾತು

ಎಲ್ಲಕ್ಕಿಂತ ಮುಖ್ಯವಾದ ಅಂಶ ಇದು. ದೂರದಿಂದ ಚಿತ್ರ ಕಳುಹಿಸಿ ಬೇಸಾಯ ಕಲಿಸುವ ದೊಡ್ಡ ಪ್ರಯೋಗವೊಂದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ 'ಸೈಟ್' ಎಂಬ ಹೆಸರಿನಲ್ಲಿ ನಡೆಯಿತು. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅದು ಮಹತ್ತಾದ ಸಾಹಸವೇ ಸರಿ. ಆದರೆ ಮೂರು ಜಿಲ್ಲೆಗೆ ಒಂದೇ ಕಾರ್ಯಕ್ರಮ ಮಾಡಿದಾಗ ಅದು ಯಾವ ಒಂದು ಹಳ್ಳಿಯ ಹೊಲದಂತೆಯೂ ಕಾಣುವುದು ಕಷ್ಟ.

ಸುಮಾರು 30 ವರ್ಷಗಳ ನಂತರ, 2006ರಲ್ಲಿ, ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಟರು. ಡಿಜಿಟಲ್ ಗ್ರೀನ್ ಎಂಬ ಆ ಯೋಜನೆಯಲ್ಲಿ ಗ್ರೀನ್ ಫೌಂಡೇಶನ್ ಸಂಸ್ಥೆ ಜೊತೆಗೂಡಿತು. ಆಯಾ ಹಳ್ಳಿಯ ರೈತರನ್ನೇ ಅವರವರ ಹೊಲದಲ್ಲಿ ಚಿತ್ರೀಕರಿಸಿ, ಟಿ.ವಿ. ಮತ್ತು ಡಿವಿಡಿ ಯಂತ್ರದ ಮೂಲಕ ಅಕ್ಕಪಕ್ಕದ ರೈತರಿಗೆ ತೋರಿಸಲಾಯಿತು. ಸ್ಥಳೀಯ ಕಾರ್ಯಕರ್ತರೊಬ್ಬರು ನಡುನಡುವೆ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. 16 ಹಳ್ಳಿಗಳ 1,070 ಕುಟುಂಬಗಳಲ್ಲಿ ನಾಲ್ಕು ತಿಂಗಳು ನಡೆದ ಈ ಪ್ರಯೋಗದ ವರದಿ 2007ರಲ್ಲಿ ಪ್ರಕಟವಾಯಿತು. ರೂಢಿಯ ತರಬೇತಿ ಮತ್ತು ಭೇಟಿ ಪದ್ಧತಿಗೆ ಹೋಲಿಸಿದರೆ ಕೆಲವು ಬೇಸಾಯ ಕ್ರಮಗಳನ್ನು ಅಳವಡಿಸಿಕೊಂಡವರ ಪ್ರಮಾಣ ಏಳು ಪಟ್ಟು ಹೆಚ್ಚಿತ್ತು. ಚಿತ್ರದಲ್ಲಿರುವ ರೈತ ಯಾರು, ಯಾವ ಊರಿನವನು ಎಂಬುದೇ ನೋಡುವವರ ಮೊದಲ ಪ್ರಶ್ನೆಯಾಗಿರುತ್ತಿತ್ತು ಎಂಬುದು ಗಮನಾರ್ಹ.

ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ: ಅವನಿಂದ ಆದದ್ದು ತನ್ನಿಂದ ಆದೀತೆ? ಕೆರೆ ನೀರಿನವನು ಹೇಳಿದ್ದನ್ನು ಕೊಳವೆ ಬಾವಿಯವನು ಒಪ್ಪುವುದಿಲ್ಲ. ಹತ್ತು ಎಕರೆಯವನು ತೋರಿಸಿದ್ದನ್ನು ಒಂದು ಎಕರೆಯವನು ತನಗಲ್ಲ ಎಂದು ಬದಿಗಿಡುತ್ತಾನೆ. ಆದುದರಿಂದ ವಿಡಿಯೊದಲ್ಲಿ ಇಸ್ತ್ರಿ ಅಂಗಿಯ ಪ್ರಶಸ್ತಿ ವಿಜೇತರಿಗಿಂತ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡ ಸಾಧಾರಣ ಬೆಳೆಗಾರ, ಅವನ ಹೆಂಡತಿ, ಅವರ ಚಾಮರಾಜನಗರದ ಮಾತು ಹೆಚ್ಚು ಕೆಲಸ ಮಾಡುತ್ತವೆ. ಅರಿಶಿನದ ಕಳೆ, ಕೊಯ್ಲು, ಗಡ್ಡೆ ಬಿಡಿಸುವ ಕೆಲಸಗಳಲ್ಲಿ ಹೆಣ್ಣುಮಕ್ಕಳ ದುಡಿಮೆ ಎಷ್ಟಿದ್ದರೂ ವಿಡಿಯೊಗಳಲ್ಲಿ ಅವರ ದನಿ ಕೇಳಿಸುವುದು ಅಪರೂಪ. ಇದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಕಿವಿಗಿಂತ ಕಣ್ಣು ನಂಬುತ್ತದೆ

ಮನುಷ್ಯ ನೋಡಿ ಕಲಿಯುತ್ತಾನೆಂಬುದನ್ನು ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಿಂದ ಪ್ರಯೋಗಗಳ ಮೂಲಕ ಸ್ಥಾಪಿಸಿದರು. ಕೃಷಿ ವಿಡಿಯೊಗೆ ಇದರಲ್ಲಿ ಅಪಾಯವೂ ಇದೆ. ಹಿನ್ನೆಲೆಯ ದನಿ "ಕೈಗವಸು ಧರಿಸಿ" ಎನ್ನುತ್ತಿರುವಾಗ ಪರದೆಯ ಮೇಲಿನ ರೈತ ಬರಿಗೈಯಲ್ಲಿ ಔಷಧಿ ಕಲಕುತ್ತಿದ್ದರೆ ಹಳ್ಳಿಯಲ್ಲಿ ಬರಿಗೈಯೇ ಅನುಕರಣೆಯಾಗುತ್ತದೆ. ಅಂತಹ ದೃಶ್ಯವನ್ನು ಎಷ್ಟೇ ಚೆನ್ನಾಗಿ ಬಂದಿದ್ದರೂ ಕತ್ತರಿಸಿ ಹಾಕತಕ್ಕದ್ದು.

ಇನ್ನು ನೆನಪಿನ ಮಿತಿ. ಒಂದೇ ಸಲಕ್ಕೆ ಮನಸ್ಸು ಹಿಡಿದಿಟ್ಟುಕೊಳ್ಳುವುದು ನಾಲ್ಕೈದು ಸಂಗತಿಗಳನ್ನು ಮಾತ್ರ. ಭೂಮಿ ಸಿದ್ಧತೆಯಿಂದ ಮಾರುಕಟ್ಟೆಯವರೆಗೆ ಎಲ್ಲವನ್ನೂ ಒಂದೇ ವಿಡಿಯೊದಲ್ಲಿ ತುಂಬಿದರೆ ಯಾವುದೂ ನಿಲ್ಲುವುದಿಲ್ಲ. ಬೀಜೋಪಚಾರವೊಂದನ್ನೇ ತೆಗೆದುಕೊಂಡರೂ ಹೇಳಬೇಕಾದದ್ದು ಸಾಕಷ್ಟಿದೆ: ರೋಗವಿಲ್ಲದ ತಾಕಿನ ಗಡ್ಡೆ ಆರಿಸುವುದು, ಲೀಟರ್ ನೀರಿಗೆ 3 ಗ್ರಾಂನಂತೆ ಮ್ಯಾಂಕೊಜೆಬ್ ಬೆರೆಸುವುದು, ಗಡ್ಡೆಗಳನ್ನು 30 ನಿಮಿಷ ಅದ್ದುವುದು, ನೆರಳಿನಲ್ಲಿ ಆರಿಸುವುದು. "3 ಗ್ರಾಂ" ಎಂಬ ಮಾತು ಗಾಳಿಯಲ್ಲಿ ಹೋಗುತ್ತದೆ. 100 ಲೀಟರ್ ನೀರಿನ ಡ್ರಮ್ಮು, ತಕ್ಕಡಿಯಲ್ಲಿ ತೂಗಿದ 300 ಗ್ರಾಂ ಪುಡಿ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ. ಆ ದೃಶ್ಯ ನಡೆಯುವಾಗ ಹಿನ್ನೆಲೆ ಸಂಗೀತ ನಿಲ್ಲಿಸಿ. ಮಾತನಾಡುತ್ತಿರುವುದನ್ನೇ ಪರದೆಯ ತುಂಬ ಅಕ್ಷರದಲ್ಲೂ ಬರೆಯಬೇಡಿ, ಅಂಕಿ ಮಾತ್ರ ದಪ್ಪವಾಗಿ ಕಾಣಲಿ.

ಉದ್ದದ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಅಂತರ್ಜಾಲದಲ್ಲಿ ಪಾಠ ನೋಡಿದ ವಿದ್ಯಾರ್ಥಿಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದರಲ್ಲಿ ಆರು ನಿಮಿಷಕ್ಕಿಂತ ಉದ್ದದ ವಿಡಿಯೊಗಳಲ್ಲಿ ಗಮನ ಉಳಿಯುವುದಿಲ್ಲವೆಂದು ಕಂಡುಬಂದಿತು. ಆದರೆ ಅವರು ಪರೀಕ್ಷೆಗೆ ಓದುವವರು. ಬೆಳೆ ಕೊಳೆಯುತ್ತಿರುವ ರೈತ ತನಗೆ ಬೇಕಾದ ವಿಷಯವಿದ್ದರೆ 20 ನಿಮಿಷವಾದರೂ ನೋಡುತ್ತಾನೆ, ಬೇಡದ ಸ್ವಾಗತ ಭಾಷಣವನ್ನು 20 ಸೆಕೆಂಡೂ ನೋಡುವುದಿಲ್ಲ. ಉದ್ದಕ್ಕಿಂತ ಕಾಲ ಮುಖ್ಯ. ಬೀಜೋಪಚಾರದ ವಿಡಿಯೊ ನಾಟಿಗೆ ಮುಂಚೆ ಬೇಸಿಗೆಯಲ್ಲೇ ಬರಬೇಕು, ಆಗಸ್ಟ್‌ನಲ್ಲಿ ಬಂದರೆ ಅದು ಗಾಯದ ಮೇಲೆ ಬರೆ.

ಎಣಿಕೆಯ ಮೋಸ

ಮಳೆಗಾಲದಲ್ಲಿ ಗುಂಡ್ಲುಪೇಟೆಯ ರಸ್ತೆ ಬದಿಯ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳಲ್ಲಿ ಕೇರಳದ ಪ್ರವಾಸಿಗರು ಕಾರು ನಿಲ್ಲಿಸಿ ಮೊಬೈಲ್ ಎತ್ತುತ್ತಾರೆ. ಆ ವಿಡಿಯೊಗಳನ್ನು ನೋಡುವವರಿಗೆ ಲೆಕ್ಕವಿಲ್ಲ, ಆದರೆ ಅವುಗಳಿಂದ ಬೇಸಾಯ ಕಲಿತವರಿಲ್ಲ. ವೀಕ್ಷಣೆಯ ಸಂಖ್ಯೆಯನ್ನೇ ಗುರಿ ಮಾಡಿಕೊಂಡರೆ ಕೃಷಿ ವಿಡಿಯೊವೂ ಅದೇ ದಾರಿ ಹಿಡಿದು "ಎಕರೆಗೆ ಹತ್ತು ಲಕ್ಷ" ಎಂಬ ಶೀರ್ಷಿಕೆಗೆ ಬಂದು ನಿಲ್ಲುತ್ತದೆ. ಒಮ್ಮೆ ಮೋಸಹೋದ ರೈತ ಆಮೇಲೆ ನಿಜ ಹೇಳುವವರನ್ನೂ ನಂಬುವುದಿಲ್ಲ.

ಯೂಟ್ಯೂಬ್ ತನ್ನ ಚಾನೆಲ್‌ದಾರರಿಗೆ ನೋಡುಗರು ಯಾವ ಕ್ಷಣದಲ್ಲಿ ಬಿಟ್ಟುಹೋದರೆಂಬ ರೇಖೆಯನ್ನು ತೋರಿಸುತ್ತದೆ. ಒಟ್ಟು ಸಂಖ್ಯೆಗಿಂತ ಆ ರೇಖೆಯನ್ನು ನೋಡುವುದು ಒಳ್ಳೆಯದು. ಔಷಧಿಯ ಪ್ರಮಾಣ ಹೇಳುವ ಮೊದಲೇ ಜನ ಎದ್ದುಹೋಗಿದ್ದರೆ ಸಾವಿರಾರು ವೀಕ್ಷಣೆಗಳಿದ್ದರೂ ಆ ವಿಡಿಯೊ ಕೆಲಸ ಮಾಡಿಲ್ಲ.

ಅಂತರ್ಜಾಲಕ್ಕೆ ಏರಿಸುವ ಮೊದಲು ಮಾಡಬಹುದಾದ ಪರೀಕ್ಷೆಯೂ ಒಂದಿದೆ. ರೈತ ಸಂಪರ್ಕ ಕೇಂದ್ರಕ್ಕೋ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬಂದ ಮೂವರು ಬೆಳೆಗಾರರಿಗೆ ವಿಡಿಯೊವನ್ನು ಒಮ್ಮೆ ದನಿಯಿಲ್ಲದೆ, ಒಮ್ಮೆ ದನಿಯೊಂದಿಗೆ ತೋರಿಸಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಮರ್ಯಾದೆಗಾಗಿ ಚೆನ್ನಾಗಿದೆ ಎಂದೇ ಹೇಳುತ್ತಾರೆ. "ನಾಳೆ ನಿಮ್ಮ ಗಡ್ಡೆಗೆ ಏನು ಮಾಡ್ತೀರಿ, ಎಷ್ಟು ನೀರಿಗೆ ಎಷ್ಟು ಪುಡಿ ಹಾಕ್ತೀರಿ?" ಎಂದು ಕೇಳಿ. ಅವರಲ್ಲಿ ಒಬ್ಬರು ತಪ್ಪು ಪ್ರಮಾಣ ಹೇಳಿದರೂ ಡ್ರಮ್ಮು, ತಕ್ಕಡಿಯ ಆ ಭಾಗವನ್ನು ಮತ್ತೆ ಚಿತ್ರೀಕರಿಸಿ.