ಹಲವು ಮಕ್ಕಳ ತಾಯಿ ಬೇರು



ಚೀನಾದಲ್ಲಿ ಹೆಂಗಸರ ಮುಟ್ಟಿನ ತೊಂದರೆಗೆ ‘ದಾಂಗ್ ಗ್ವೇ’ ಬೇರನ್ನು ಬಳಸುತ್ತಾರೆ. ಅದು ಗಾನ್ಸು ಪ್ರಾಂತದ ತಂಪು ಬೆಟ್ಟಗಳ ಬೆಳೆ. ಹಾಸನದ ಹವೆಗೆ ಒಗ್ಗದು. ಇಲ್ಲಿ ಆ ಸ್ಥಾನ ಶತಾವರಿಯದು. ಬೇಲಿಗೆ ಹಬ್ಬುವ ಈ ಮುಳ್ಳುಬಳ್ಳಿಯ ಒಂದು ಬುಡಕ್ಕೆ ಹತ್ತಾರು ಗೆಡ್ಡೆಗಳು; ‘ಹಲವು ಮಕ್ಕಳ ತಾಯಿ’ ಎಂಬ ಹೆಸರೂ ಉಂಟು. ಬಾಣಂತಿಯರ ಎದೆಹಾಲು ಹೆಚ್ಚಲೆಂದು ಆಯುರ್ವೇದದಲ್ಲಿ ಕೊಡುತ್ತಾರೆ.

ಬೇಲಿಯ ಬಳ್ಳಿಯನ್ನು ಬುಡಸಹಿತ ಕಿತ್ತರೆ ಅದು ಮತ್ತೆ ಚಿಗುರದು. ಆದ್ದರಿಂದ ಹೊಲದಲ್ಲೇ ಬೆಳೆಯಿರಿ. ನೀರು ಬಸಿಯುವ ಕೆಮ್ಮಣ್ಣು ಉತ್ತಮ. ಬೀಜದಿಂದ ಸಸಿ ಮಾಡಿ, ಮುಂಗಾರಿನಲ್ಲಿ 60 ಸೆಂ.ಮೀ. ಅಂತರಕ್ಕೆ ನೆಟ್ಟು ಊರುಗೋಲು ಕೊಡಿ. ಸುಮಾರು 18 ತಿಂಗಳ ನಂತರ ಗೆಡ್ಡೆ ಅಗೆದು, ಸಿಪ್ಪೆ ಸುಲಿದು ಒಣಗಿಸಿ. ಮೊಳಕೆಯಿರುವ ಬುಡವನ್ನು ಮರಳಿ ನೆಡಿ. ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಸೇವಿಸಬಾರದು.